ಎಡಕ್ಕೆ ತಿರುಗದ ಭಾವ

ಟವರ್ ಇಲ್ಲದ ಕಡೆ ವಿಮಾನ ಹಾರಿಸುವವರಿಗೆ ಬಾಯಿ ಇರಬೇಕು. ಇಪ್ಪತ್ತು ವರ್ಷ ಊರೂರು ತಿರುಗಿ ಫ್ಲೈಯಿಂಗ್ ಸ್ಕೂಲುಗಳಲ್ಲಿ ನಾನು ಪಾಠ ಹೇಳಿದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಇಷ್ಟೇ. ದೊಡ್ಡ ನಿಲ್ದಾಣಗಳಲ್ಲಿ ಟವರಿನ ಮೇಲೆ ಕೂತವರು ನೋಡಿಕೊಳ್ಳುತ್ತಾರೆ; ನೀನು ಇಳಿ, ನೀನು ಸ್ವಲ್ಪ ಕಾಯಿ ಎಂದು ಹೇಳುತ್ತಾರೆ. ವಿಮಾನ ಇಳಿಯುವ ಸಣ್ಣ ಮಣ್ಣಿನ ಪಟ್ಟಿಯಲ್ಲಿ ಹಾಗೆ ಹೇಳುವ ಪುಣ್ಯಾತ್ಮರು ಯಾರೂ ಇರುವುದಿಲ್ಲ. ನಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಈಗ ಯಾವ ಕಡೆ ತಿರುಗುತ್ತೇನೆ ಅನ್ನುವುದನ್ನು ಪ್ರತಿಯೊಬ್ಬರೂ ರೇಡಿಯೋದಲ್ಲಿ ತಾವಾಗಿ ಹೇಳಬೇಕು. ಬೇರೆಯವರು ಹೇಳಿದ್ದನ್ನು ಕಿವಿಗೊಟ್ಟು ಕೇಳಬೇಕು. ಎಲ್ಲರೂ ಪಟ್ಟಿಯನ್ನು ಒಂದೇ ದಿಕ್ಕಿಗೆ ಸುತ್ತಿಕೊಂಡು ಬಂದು ಇಳಿಯಬೇಕು. ಇಷ್ಟು ಮಾಡಿದರೆ ಆಕಾಶದಲ್ಲಿ ಒಬ್ಬರಿಗೊಬ್ಬರು ಗುದ್ದುವ ಪ್ರಸಂಗ ಬಹುತೇಕ ಬರುವುದಿಲ್ಲ.

ನನ್ನ ಹಣೆಬರಹ ನೋಡಿ. ಇದನ್ನು ಜೀವಮಾನವೆಲ್ಲ ಪಾಠ ಮಾಡಿದ ನಾನು ಮದುವೆಯಾಗಿ ಬಂದದ್ದು ಯಾರೂ ಏನನ್ನೂ ಬಾಯಿಬಿಟ್ಟು ಹೇಳದ ಮನೆಗೆ. ಸಾರಿಗೆ ಉಪ್ಪು ಹಾಕುವುದು ಮರೆತುಹೋದರೂ ಅಲ್ಲಿ ಯಾರೂ ಹೇಳುವುದಿಲ್ಲ, ಸುಮ್ಮನೆ ಮಜ್ಜಿಗೆ ಕಲಸಿಕೊಂಡು ಎದ್ದುಹೋಗುತ್ತಾರೆ. ನನ್ನ ಯಜಮಾನರು ಶಿಕಾರಿಪುರದ ಕೋರ್ಟಿನಲ್ಲಿ ವಕೀಲರು. ಹಗಲೆಲ್ಲ ಗಂಟಲು ಹರಿಯುವಂತೆ ವಾದ ಮಾಡಿ ಬರುವ ಮನುಷ್ಯ ತನ್ನ ಅಣ್ಣನ ಎದುರು ನಿಂತರೆ ಮೂಗನಾಗುತ್ತಾರೆ. "ನೀವಾದ್ರೂ ನಿಮ್ಮಣ್ಣಂಗೆ ಹೇಳಿ" ಎಂದು ನಾನು ಅಂಗಲಾಚಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು, "ನೋಡಣ ಬಿಡು." ಆ ನೋಡಣ ಎಂಟು ತಿಂಗಳಾದರೂ ಬರಲಿಲ್ಲ.

ಅಣ್ಣ ಅಂದರೆ ನನಗೆ ಭಾವ. ಅರವತ್ತು ದಾಟಿದವರು. ಭತ್ತ, ಗೋವಿನಜೋಳ ಬೆಳೆಯುವ ಮನುಷ್ಯ. ಮೂರು ವರ್ಷದ ಹಿಂದೆ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ತೀರಿಕೊಂಡರು. ಮಕ್ಕಳಿರಲಿಲ್ಲ. ಅದಾದ ಮೇಲೆ ಭಾವನಿಗೆ ಅದೇನು ತಲೆಗೆ ಹೊಕ್ಕಿತೋ, ಒಂದು ಚಳಿಗಾಲವಿಡೀ ಎಲ್ಲೋ ದೂರದ ಊರಲ್ಲಿ ರೂಮು ಮಾಡಿಕೊಂಡಿದ್ದು ಎರಡು ಸೀಟಿನ ಸಣ್ಣ ವಿಮಾನ ಹಾರಿಸಲು ಕಲಿತು ಬಂದರು. ಲೈಸೆನ್ಸು ತೋರಿಸಿದ ಮೇಲೇ ನಮಗೆ ವಿಷಯ ಗೊತ್ತಾದದ್ದು. ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ತಾಲ್ಲೂಕು ಶುರುವಾಗುವ ಕಡೆ ನಮ್ಮ ಮನೆತನದ ಒಂದು ಕಲ್ಲುಹೊಲ ಇತ್ತು, ಪಹಣಿಯಲ್ಲಿ ಅರ್ಧ ಖರಾಬು ಎಂದೇ ಬರೆದಿದ್ದ ಜಾಗ. ಅಲ್ಲಿಗೆ ಜೆಸಿಬಿ ತರಿಸಿ ಮಟ್ಟಸ ಮಾಡಿಸಿದರು. ಗಡಿ ಅಳೆದು ಹದ್ದುಬಸ್ತು ಮಾಡಿಸಲು ಎರಡು ತಾಲ್ಲೂಕಿನ ಸರ್ವೆಯವರೂ ಬಂದರು, ಭಾವ ಪರವಾನಗಿ ಕಾಗದಕ್ಕೆ ಅಲೆದಲೆದು ಚಪ್ಪಲಿ ಸವೆಸಿದರು. ಕೊನೆಗೆ ಮೂಡಣ ತುದಿ ಶಿಕಾರಿಪುರಕ್ಕೆ, ಪಡುವಣ ತುದಿ ಸೊರಬಕ್ಕೆ ಸೇರಿದ ಒಂದು ಮಣ್ಣಿನ ಪಟ್ಟಿ, ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸುವ ಒಂದು ಬಟ್ಟೆಯ ಚೀಲ, ಇಷ್ಟು ತಯಾರಾಯಿತು.

ನಾನು ಪಾಠ ಹೇಳುತ್ತಿದ್ದ ಸ್ಕೂಲು ಮುಚ್ಚಿದಾಗ ಭಾವನೇ ಫೋನು ಮಾಡಿದ್ದರು. "ಪಟ್ಟಿ ಐತೆ, ಶೆಡ್ಡೈತೆ. ಇನ್ನೆಲ್ಲೋ ಯಾಕೆ ಅಲೀತಿ? ಬಂದು ಇಲ್ಲೇ ಸ್ಕೂಲ್ ಮಾಡವ್ವ" ಎಂದಿದ್ದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ಆ ಋಣ ನನ್ನ ತಲೆ ಮೇಲಿತ್ತು. ಪಾಠಕ್ಕೆಂದು ಇನ್ನೊಂದು ಸಣ್ಣ ವಿಮಾನ ತಂದೆ. ಅಲ್ಲಿಗೆ ಎರಡು ವಿಮಾನ, ಒಂದು ಪಟ್ಟಿ, ಟವರ್ ಇಲ್ಲ.

ಬಂದ ವಾರವೇ ಶೆಡ್ಡಿನ ಬಾಗಿಲಿಗೆ ಒಂದು ಬೋರ್ಡು ಬರೆಸಿ ಹಾಕಿದೆ: ಎಲ್ಲ ಸುತ್ತೂ ಎಡಕ್ಕೆ. ಹಾರಿಸುವವರು ಎಡಗಡೆ ಸೀಟಿನಲ್ಲಿ ಕೂರುತ್ತಾರೆ, ಎಡಕ್ಕೆ ತಿರುಗಿದರೆ ಪಟ್ಟಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಎಲ್ಲ ಕಡೆ ಅದೇ ರೂಢಿ. ಮಳೆಗಾಲದಲ್ಲಿ ನಮ್ಮ ಪಟ್ಟಿ ಕೆಸರಾಗುವುದರಿಂದ ಹಾರುವುದಿಲ್ಲ. ಉಳಿದ ತಿಂಗಳುಗಳಲ್ಲಿ ಬೆಳಗಿನ ಗಾಳಿ ಶಿಕಾರಿಪುರದ ಕಡೆಯಿಂದ ಬೀಸುತ್ತದೆ, ಹಾಗಾಗಿ ಯಾವಾಗಲೂ ಸೊರಬದ ತುದಿಯಿಂದ ಬಂದು ಇಳಿಯಬೇಕು. ಎಡಕ್ಕೆ ಸುತ್ತಿದರೆ ಪಟ್ಟಿಯ ಬಡಗಣ ಪಕ್ಕದ ಕೆರೆಯ ಮೇಲೆ ಬಳಸಿ ಬರುತ್ತೀರಿ. ಬಲಕ್ಕೆ ಸುತ್ತಿದರೆ ತೆಂಕಣ ಪಕ್ಕದ ಚೌಡಮ್ಮನ ಗುಡಿಯ ಮೇಲೆ ಬರುತ್ತೀರಿ.

ಮರುದಿನ ಬೆಳಿಗ್ಗೆ ಭಾವ ಮೇಲೆದ್ದರು. ಬೋರ್ಡಿನ ಮುಂದೆಯೇ ನಡೆದು ಹೋಗಿ ಹತ್ತಿದ ಮನುಷ್ಯ, ಎದ್ದವರೇ ಬಲಕ್ಕೆ ತಿರುಗಿ ಚೌಡಮ್ಮನ ಗುಡಿಯ ಕಡೆ ಹೋದರು.

ಇಳಿದ ಮೇಲೆ ಮೆಲ್ಲಗೆ ಹೇಳಿದೆ, "ಭಾವ, ಎಡಕ್ಕೆ ಸುತ್ತಬೇಕಿತ್ತು."

"ಹೂಂ, ಓದಿದೆ."

"ಮತ್ತೆ?"

"ಇಲ್ಲಿ ಬ್ಯಾಡವ್ವ. ಅಪ್ರದಕ್ಷಿಣೆ ಆಗ್ತದೆ. ಚೌಡಮ್ಮ ಅದಾಳೆ, ಬಲಕ್ಕೇ ಸುತ್ತಣ."

ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ, ಅದು ನನಗೂ ಗೊತ್ತು. ಎಡಕ್ಕಿಟ್ಟುಕೊಂಡು ಸುತ್ತುವುದು ಚಿತೆಯ ಸುತ್ತ ಮಾತ್ರ. ಆದರೆ ಇದು ವಿಮಾನ ಕಣಪ್ಪಾ! ಎಡಕ್ಕೆ ತಿರುಗಿದರೆ ಚೌಡಮ್ಮನ ಗುಡಿ ಸುತ್ತಿನೊಳಗೆ ಬರುವುದೇ ಇಲ್ಲ, ಅದು ಪಟ್ಟಿಯ ಆಚೆಗೆ ಉಳಿಯುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕಾಗದವನ್ನು ಚೆನ್ನಾಗಿ ನೋಡಿದರು, ತಲೆಯಾಡಿಸಿದರು, ಮಡಚಿ ಜೇಬಿಗಿಟ್ಟುಕೊಂಡರು. ಮಾರನೆಯ ದಿನ ಬಲಕ್ಕೇ ತಿರುಗಿದರು.

ರೇಡಿಯೋದ ಕಥೆ ಇನ್ನೂ ಚಂದ. ಅವರ ವಿಮಾನದಲ್ಲಿ ಒಳ್ಳೆಯ ರೇಡಿಯೋ ಇತ್ತು. ಅದನ್ನು ಆನ್ ಮಾಡುತ್ತಲೇ ಇರಲಿಲ್ಲ. ಹೆಡ್‌ಸೆಟ್ಟನ್ನು ಶಾಲಿನ ಹಾಗೆ ಕುತ್ತಿಗೆಗೆ ಹಾಕಿಕೊಂಡು ಹೋಗುತ್ತಿದ್ದರು. ಕೇಳಿದರೆ, "ಮೇಲೆ ಹೋದ್ಮೇಲೂ ಮಾತಾಡ್ಬೇಕೇನವ್ವ?" ಎನ್ನುತ್ತಿದ್ದರು. ಒಂದು ದಿನ ತಿಂಡಿಗೆ ಬಂದಾಗ ಎರಡು ಲೋಟ ಇಟ್ಟು ತೋರಿಸಿದೆ. ಇದು ನಾನು, ಎಡಕ್ಕೆ ಸುತ್ತಿ ಬರ್ತೀನಿ. ಇದು ನೀವು, ಬಲಕ್ಕೆ ಸುತ್ತಿ ಬರ್ತೀರಿ. ಇಬ್ಬರೂ ಸೊರಬದ ತುದಿಗೆ ತಿರುಗುವ ಹೊತ್ತಿಗೆ ಎದುರುಬದುರು ಆಗ್ತೀವಿ, ಒಂದೇ ಎತ್ತರದಲ್ಲಿ. ಹೀಗೆಂದು ಎರಡು ಲೋಟಗಳನ್ನೂ ಟಣ್ ಎಂದು ಗುದ್ದಿಸಿದೆ. ಕಾಫಿ ಚೆಲ್ಲಿತು.

ಭಾವ ನಕ್ಕರು. "ಇಷ್ಟು ದೊಡ್ಡ ಆಕಾಶ, ಎರಡು ವಿಮಾನಕ್ಕೆ ಸಾಲಲ್ಲೇನು?"

ಇದೇ ಮಾತು ಎಷ್ಟು ಜನರ ಬಾಯಲ್ಲಿ ಕೇಳಿ ತಲೆ ಚಚ್ಚಿಕೊಂಡಿದ್ದೇನೋ. ಆಕಾಶ ದೊಡ್ಡದು, ನಿಜ. ಇಳಿಯುವ ಬಾಯಿ ದೊಡ್ಡದಲ್ಲವಲ್ಲ! ಹಗಲೆಲ್ಲ ಗುಡ್ಡದ ತುಂಬ ಮೇದ ದನಗಳು ಸಂಜೆ ಬೇಲಿಯ ಒಂದೇ ದಣಪೆಯಲ್ಲಿ ನುಗ್ಗುತ್ತವೆ, ಕೊಂಬು ತಾಗುವುದು ಅಲ್ಲೇ. ವಿಮಾನಗಳೂ ಗುದ್ದುವುದು ಪಟ್ಟಿಯ ಹತ್ತಿರ, ಇಳಿಯಲು ತಿರುಗುವಾಗ, ಬೆಳಕು ಚೆನ್ನಾಗಿರುವ ದಿನಗಳಲ್ಲೇ. ಇದನ್ನೂ ಹೇಳಿದೆ. ಭಾವ ಚೆಲ್ಲಿದ ಕಾಫಿಯನ್ನು ತಮ್ಮ ಟವಲ್ಲಿನಿಂದ ಒರೆಸಿ ಎದ್ದುಹೋದರು. ಸಿಟ್ಟು ಮಾಡಿದರೆ ಜಗಳವಾಡಬಹುದು. ಹೀಗೆ ಒರೆಸಿ ಎದ್ದುಹೋದವರ ಜೊತೆ ಏನು ಮಾಡುವುದು?

ಬೇರೆ ಯಾರಾದರೂ ಆಗಿದ್ದರೆ ಕೀಲಿಕೈ ಕಿತ್ತುಕೊಂಡು ಕೆಳಗೆ ಕೂರಿಸುತ್ತಿದ್ದೆ. ನನ್ನ ಕೈಯಲ್ಲಿ ಬೈಸಿಕೊಂಡವರಲ್ಲಿ ಈಗ ದೊಡ್ಡ ದೊಡ್ಡ ವಿಮಾನ ಹಾರಿಸುವವರಿದ್ದಾರೆ. ಭಾವನಿಗೆ ಹೇಗೆ ಬೈಯುವುದು? ಪಟ್ಟಿ ಅವರದು, ಹಿರಿಯರು, ಸಾಲದ್ದಕ್ಕೆ ಹೆಂಡತಿ ಕಳೆದುಕೊಂಡವರು. ಕೊನೆಗೆ ನಾನೇ ಒಂದು ಅಡ್ಡದಾರಿ ಹಿಡಿದೆ. ಅವರು ದಿನಾ ಬೆಳಿಗ್ಗೆ ಚಂದ್ರಗುತ್ತಿ ಗುಡ್ಡದ ತನಕ ಹೋಗಿ, ಗುಡ್ಡಕ್ಕೆ ಒಂದು ಸುತ್ತು ಹಾಕಿ, ಸುಮಾರು ಒಂದು ಗಂಟೆಯಲ್ಲಿ ವಾಪಸ್ಸು ಬರುತ್ತಿದ್ದರು. ಅವರು ಇಳಿದು ವಿಮಾನ ಶೆಡ್ಡಿಗೆ ಹೋದ ಮೇಲೇ ನಾನು ಪಾಠ ಶುರುಮಾಡುತ್ತಿದ್ದೆ. ವಿದ್ಯಾರ್ಥಿಗಳು ಯಾಕೆ ತಡ ಎಂದು ಕೇಳಿದರೆ ಮಂಜು ಎಂದು ಸುಳ್ಳು ಹೇಳುತ್ತಿದ್ದೆ.

ಈ ನಡುವೆ ಯಜಮಾನರಿಗೂ ಹುಚ್ಚು ಹತ್ತಿತು. "ನೀವಿಬ್ರೂ ಮೇಲೆ ಹೋಗ್ತೀರಿ, ನಾನೊಬ್ನೇ ಕೆಳಗೆ ನಿಂತು ಕತ್ತೆತ್ಕೊಂಡು ನೋಡ್ಬೇಕಾ?" ಎಂದರು. ಸರಿ, ಅವರಿಗೂ ಕಲಿಸಿದೆ. ಗಂಡನಿಗೆ ವಿಮಾನ ಕಲಿಸುವ ಕಷ್ಟ ಯಾವ ಹೆಣ್ಣಿಗೂ ಬೇಡ. ಅಂತೂ ಅವರು ಮೊದಲ ಸಲ ಒಬ್ಬರೇ ಹಾರುವ ದಿನ ಬಂತು. ಹಿಂದಿನ ದಿನ ಭಾವ, ನಾಳೆ ಜೋಳದ ಮಿಷನ್ ಬರ್ತದೆ, ಕಣದಲ್ಲಿರಬೇಕು ಎಂದಿದ್ದರು. ಹಾರುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ ಶೆಡ್ಡಿನಲ್ಲಿ ಭಾವನ ವಿಮಾನ ಇಲ್ಲ. ಮಿಷನ್ ಬರುವುದು ತಡವಂತೆ, ಈಗಷ್ಟೇ ಎದ್ದುಹೋದರು ಎಂದು ಕಾವಲಿನವನು ಹೇಳಿದ.

ಅಲ್ಲೇ ನಾನು ನಿಲ್ಲಿಸಬೇಕಿತ್ತು. ಇದನ್ನು ಮುಚ್ಚಿಡುವುದಿಲ್ಲ. ಬೇರೆಯವರ ತಪ್ಪನ್ನೆಲ್ಲ ಬಿಡಿಸಿ ಬಿಡಿಸಿ ಹೇಳುವ ನಾನು ನನ್ನದನ್ನೂ ಹೇಳಬೇಕು. ಯಜಮಾನರು ಕೋರ್ಟಿಗೆ ರಜೆ ಹಾಕಿದ್ದರು. ವಿಮಾನದ ಮೂತಿಗೆ ಕುಂಕುಮ ಹಚ್ಚಿ ಕಾಯಿ ಒಡೆದಾಗಿತ್ತು. ಭಾವ ಬರಲು ಇನ್ನೂ ಒಂದು ಗಂಟೆ ಇದೆ, ಮೂರು ಸುತ್ತಿಗೆ ಅರ್ಧ ಗಂಟೆ ಸಾಕು ಎಂದು ಲೆಕ್ಕ ಹಾಕಿದೆ. "ಹೋಗಿ ಬನ್ನಿ" ಎಂದು ಕಳಿಸಿ, ಕೈರೇಡಿಯೋ ಹಿಡಿದು ಪಟ್ಟಿಯ ಪಕ್ಕ ನಿಂತೆ.

ಎರಡು ಸುತ್ತು ಚೆನ್ನಾಗಿ ಆದವು. ಎಡಕ್ಕೆ ತಿರುಗಿ, ಕೆರೆಯ ಮೇಲೆ ಹಾದು, ಪ್ರತಿ ತಿರುವಿಗೂ ರೇಡಿಯೋದಲ್ಲಿ ಹೇಳುತ್ತಾ, ಸೊರಬದ ತುದಿಯಿಂದ ಬಂದು ಇಳಿದು ಮತ್ತೆ ಎದ್ದರು. ನನ್ನ ಎದೆ ಉಬ್ಬಿತ್ತು. ಮೂರನೆಯ ಸುತ್ತಿನಲ್ಲಿ ಅವರು ಕೆರೆ ದಾಟುವಾಗ ನನ್ನ ಬೆನ್ನ ಹಿಂದಿನಿಂದ ಇನ್ನೊಂದು ಇಂಜಿನ್ನಿನ ಸದ್ದು ಕೇಳಿತು. ತಿರುಗಿ ನೋಡಿದೆ. ಚೌಡಮ್ಮನ ಗುಡಿಯ ಮೇಲೆ ಭಾವ. ಆ ದಿನ ಚಂದ್ರಗುತ್ತಿಯ ಕಡೆ ಮಂಜು ಹೆಚ್ಚಿತ್ತಂತೆ, ಅರ್ಧ ದಾರಿಯಿಂದಲೇ ವಾಪಸ್ಸು ಬಂದಿದ್ದರು.

ಬಡಗಣದಿಂದ ನನ್ನ ಗಂಡ ತೆಂಕಣಕ್ಕೆ ತಿರುಗಿದರು. ತೆಂಕಣದಿಂದ ಭಾವ ಬಡಗಣಕ್ಕೆ ತಿರುಗಿದರು. ಎರಡು ಲೋಟ. ಅಣ್ಣ ತಮ್ಮ ಒಂದೇ ಎತ್ತರದಲ್ಲಿ ಎದುರುಬದುರಾಗಿ ಬರುತ್ತಿದ್ದಾರೆ, ನಡುವೆ ಒಂದು ಗದ್ದೆಬಯಲಿನಷ್ಟು ಜಾಗ. ಭಾವನನ್ನು ಕೂಗಿದರೆ ಅವರ ರೇಡಿಯೋ ಸತ್ತು ಮಲಗಿದೆ. ಅಷ್ಟರಲ್ಲಿ ಯಜಮಾನರ ಇಂಜಿನ್ನಿನ ಸದ್ದು ಇಳಿಯಿತು. ಅಯ್ಯೋ ದೇವರೇ, ಈ ಮನುಷ್ಯ ನಿಧಾನ ಮಾಡುತ್ತಿದ್ದಾರೆ!

"ನಿಧಾನ ಮಾಡ್ಬೇಡ್ರೀ! ಬಲಕ್ಕೆ ತಿರುಗಿ! ಥ್ರಾಟಲ್ ಪೂರ್ತಿ ಕೊಡಿ, ಬಲಕ್ಕೆ, ಬಲಕ್ಕೆ!" ರೇಡಿಯೋದಲ್ಲಿ ಕೂಗಿದೆನೋ, ಬರಿಗಂಟಲಲ್ಲಿ ಕೂಗಿದೆನೋ, ಎರಡೂ ಇರಬೇಕು. ಎದುರಾದಾಗ ಇಬ್ಬರೂ ಬಲಕ್ಕೆ ಸರಿಯಬೇಕು ಎಂಬುದು ಆಕಾಶದ ನಿಯಮ. ಯಜಮಾನರ ವಿಮಾನ ತೂರಾಡಿ ಬಲಕ್ಕೆ ವಾಲಿತು, ಸೊರಬದ ದಿಕ್ಕಿಗೆ ಏರಿಕೊಂಡು ಹೋಯಿತು. ಭಾವ ಏನೂ ಆಗದವರಂತೆ ತಮ್ಮ ಬಲಕ್ಕೆ ತಿರುಗಿ ಬಂದು, ಹೂವಿಟ್ಟ ಹಾಗೆ ಇಳಿದರು. ಕುತ್ತಿಗೆಯಿಂದ ಹೆಡ್‌ಸೆಟ್ ತೆಗೆದು ಸೀಟಿನ ಮೇಲಿಟ್ಟರು. ಅವರು ನೋಡಿರಲೇ ಇಲ್ಲ.

ಯಜಮಾನರನ್ನು ಮಾತಾಡಿಸಿ ಮಾತಾಡಿಸಿ ಇನ್ನೊಂದು ಸುತ್ತು ಹಾಕಿಸಿ ಇಳಿಸಿಕೊಂಡೆ. ಕೆಳಗೆ ಬಂದವರ ಷರಟು ಬೆನ್ನಿಗೆ ಅಂಟಿತ್ತು.

"ಯಾಕ್ರೀ ನಿಧಾನ ಮಾಡಿದ್ರಿ? ಬುದ್ಧಿ ಎಲ್ಲಿಟ್ಟಿದ್ರಿ?"

"ಅಣ್ಣ ಎದುರಿಗೆ ಬಂದ" ಎಂದರು ತೊದಲುತ್ತ. "ಅವನು ಮುಂದೆ ಹೋಗ್ಲಿ ಅಂತ..."

ಕೆರೆ ಏರಿಯ ಮೇಲೆ ಸ್ಕೂಟರಿನಲ್ಲಿ ಬರುವಾಗ ಅಣ್ಣ ಎದುರಾದರೆ ಇವರು ಹಾಗೇ ಮಾಡುವುದು. ನಿಲ್ಲಿಸಿ, ಒಂದು ಕಾಲು ಕೆಳಗಿಟ್ಟು, ಅಣ್ಣ ಹೋಗಲಿ ಎಂದು ಕಾಯುವುದು. ಗಾಳಿಯಲ್ಲಿ ಕಾಲು ಎಲ್ಲಿಡುತ್ತೀರಿ ಸ್ವಾಮಿ? ಅಷ್ಟು ಕೆಳಗೆ, ತಿರುವಿನಲ್ಲಿ ವೇಗ ಕಳೆದುಕೊಂಡರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಗುದ್ದದಿದ್ದರೂ ಸಾಯುತ್ತಿದ್ದರು.

ಭಾವ ಹತ್ತಿರ ಬಂದರು. "ಏನಾತವ್ವ? ಯಾಕೆ ಕೂಗ್ತಿದ್ದಿ?"

ಎಂಟು ತಿಂಗಳು ನುಂಗಿದ್ದೆಲ್ಲ ಒಂದೇ ಸಲ ಹೊರಗೆ ಬಂತು. "ಏನಾತಾ? ನಿಮ್ಮ ತಮ್ಮ ನಿಮ್ಮ ರೆಕ್ಕೆ ಮುಂದಿಂದ ಹಾದು ಹೋದ್ರು, ಅದು ಆತು! ನಿಮ್ಮ ಪ್ರದಕ್ಷಿಣೆಗೆ ನನ್ನ ತಾಳಿ ಬೇಕಿತ್ತಾ ಭಾವ? ಹೇಳಿ, ಬೇಕಿತ್ತಾ?"

ಭಾವ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನಡೆದುಕೊಂಡೇ ಊರಿನ ಕಡೆ ಹೋದರು. ಅವರು ಬಂದಿದ್ದ ಬೈಕು ಅಲ್ಲೇ ಉಳಿಯಿತು.

ಆಮೇಲೆ ಹತ್ತು ದಿನ ಮಾತಿಲ್ಲ, ಕತೆಯಿಲ್ಲ. ಪಕ್ಕದ ಮನೆಯಲ್ಲೇ ಇರುವವರು. ಅಕ್ಕ ಹೋದ ಮೇಲೆ ಅವರ ಊಟ ನಮ್ಮ ಅಡುಗೆಮನೆಯಿಂದಲೇ ಹೋಗುವುದು. ಕ್ಯಾರಿಯರ್ ತುಂಬಿ ಹೋಗುತ್ತಿತ್ತು, ತೊಳೆದು ವಾಪಸ್ಸು ಬರುತ್ತಿತ್ತು. ಹಾರಲಿಕ್ಕೂ ಹೋಗಲಿಲ್ಲ ಅವರು. ನನಗೆ ಒಂದು ಕಡೆ ಸಿಟ್ಟು ಇಳಿದಿರಲಿಲ್ಲ, ಇನ್ನೊಂದು ಕಡೆ ಅಷ್ಟು ದೊಡ್ಡ ಮಾತು ಆಡಬಾರದಿತ್ತು ಎಂದು ಕರುಳು ಚುರ್ರೆನ್ನುತ್ತಿತ್ತು. ಎರಡನ್ನೂ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಯಜಮಾನರು ತಟ್ಟೆ ನೋಡುತ್ತಲೇ ಕೇಳಿದರು, "ಎಡಕ್ಕೆ ಸುತ್ತಿದ್ರೆ ಕೆಳಗೇನು ಕಾಣ್ತದೆ ಹೇಳು."

"ಕೆರೆ."

"ಕೆರೆ ಏರಿ ಕೆಳಗೆ?"

"ಒಂದು ಹುಣಸೆಮರ. ಯಾಕೆ?"

"ಅತ್ತಿಗೇನ ಸುಟ್ಟಿದ್ದು ಅಲ್ಲೇ. ಮಡಕೆ ಹೊತ್ಕೊಂಡು ಮೂರು ಸುತ್ತು ಎಡಕ್ಕೆ ಸುತ್ತಿದ್ದು ಅಣ್ಣನೇ."

ಅಕ್ಕ ತೀರಿಕೊಂಡಾಗ ನಾನು ದೂರದ ಊರಿನ ಕೆಲಸದಲ್ಲಿದ್ದೆ, ಬಂದು ಮುಟ್ಟಿದ್ದು ಮೂರನೆಯ ದಿನ. ಹೊಲದಲ್ಲೇ ಮಾಡಿದರು ಎಂದು ಕೇಳಿದ್ದೆ. ಯಾವ ಹೊಲ, ಯಾವ ಮರದ ಹತ್ತಿರ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಎಡಕ್ಕೆ ಸುತ್ತಿ ಎಂದು ನಾನು ಬೋರ್ಡು ಹಾಕಿದ್ದೆ. ಆ ಮರವನ್ನು ಎಡಕ್ಕಿಟ್ಟುಕೊಂಡು ದಿನಾ ಬೆಳಿಗ್ಗೆ ಸುತ್ತು ಎಂದು ಆ ಮನುಷ್ಯನಿಗೆ ಹೇಳುತ್ತಾ ಬಂದಿದ್ದೆ.

"ಇದನ್ನ ಈಗ ಹೇಳ್ತೀರಲ್ರೀ!" ಎಂದು ಉರಿದುಬಿದ್ದೆ. "ಎಂಟು ತಿಂಗಳು ನಾನು ಚೌಡಮ್ಮನ ಹೆಸರಲ್ಲಿ ಜಗಳ ಆಡಿದೀನಿ. ಅವರಾದ್ರೂ ಹೇಳ್ಬಾರ್ದಿತ್ತಾ? ನಿಮ್ಮ ಮನೇಲಿ ಯಾರಿಗೂ ನಾಲಿಗೆ ಇಲ್ವಾ?"

"ನಿಂಗೆ ಗೊತ್ತಿರ್ಬೇಕು ಅನ್ಕಂಡೆ" ಎಂದರು.

ಆ ರಾತ್ರಿ ನನಗೆ ಒಂದು ವಿಷಯ ಹೊಳೆಯಿತು, ಹೊಳೆದ ಕೂಡಲೇ ನಾಚಿಕೆಯೂ ಆಯಿತು. ಒಂದು ಪಕ್ಕ ಗುಡ್ಡವೋ ಊರೋ ಇದ್ದರೆ ಬಲಕ್ಕೆ ಸುತ್ತುವ ಪಟ್ಟಿಗಳು ಎಷ್ಟೋ ಇವೆ. ಎಡವೇ ಆಗಬೇಕೆಂದು ಯಾರೂ ಹೇಳಿಲ್ಲ, ಎಲ್ಲರೂ ಒಂದೇ ಕಡೆ ಸುತ್ತಬೇಕು, ಅಷ್ಟೇ. ಮೊದಲ ದಿನವೇ ನಾನು ಬೋರ್ಡು ಬದಲಾಯಿಸಬಹುದಿತ್ತು. ಹಟಕ್ಕೆ ಬಿದ್ದು ಎಂಟು ತಿಂಗಳು ಹಾಳುಮಾಡಿದ್ದೆ. ಬೆಳಿಗ್ಗೆಯೇ ಬಣ್ಣದ ಡಬ್ಬಿ ತಂದು ಎಡ ಅನ್ನುವುದನ್ನು ಅಳಿಸಿ ಬಲ ಎಂದು ಬರೆದೆ. ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿದೆ, ಮಾಡಬೇಕಾದ ಕಾಗದಪತ್ರ ಮಾಡಿದೆ. ಒಬ್ಬರಿಗೆ ಮಾತ್ರ ಹೇಳಲಿಲ್ಲ. ಭಾವ ಹೇಗೂ ಬಲಕ್ಕೇ ಸುತ್ತುವವರು, ಅವರಿಗೆ ಹೇಳುವುದೇನಿದೆ? ಬೋರ್ಡು ನೋಡಿ ಅವರೇ ತಿಳಿದುಕೊಳ್ಳಲಿ, ಅದೇ ನನ್ನ ತಪ್ಪೊಪ್ಪಿಗೆ ಎಂದುಕೊಂಡೆ. ಆ ಮನೆಯ ಗಾಳಿ ನನಗೂ ಸೋಕಿತ್ತು.

ಮರುದಿನ ಯಜಮಾನರ ಭಯ ಬಿಡಿಸಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹಾರಿದೆ. ಹಸಿ ಬಣ್ಣ ಯಾರ ಕೈಗೂ ತಾಗದಿರಲಿ ಎಂದು ಶೆಡ್ಡಿನ ಬಾಗಿಲನ್ನು ಹಿಂದಿನ ದಿನದಿಂದ ಗೋಡೆಯ ಕಡೆಗೆ ಪೂರ್ತಿ ತೆರೆದಿಟ್ಟಿದ್ದೆ, ಹಾಗಾಗಿ ಬೋರ್ಡು ಯಾರಿಗೂ ಕಾಣುತ್ತಿರಲಿಲ್ಲ. ಭಾವ ಆ ದಿನ ಹಾರುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾವು ಸೊರಬದ ಕಡೆ ಒಂದು ದೊಡ್ಡ ಸುತ್ತು ಹಾಕಿ ಬರುವಷ್ಟರಲ್ಲಿ ಅವರು ಮೇಲೆದ್ದಿದ್ದರು.

ಚೌಡಮ್ಮನ ಗುಡಿಯ ಮೇಲೆ ಹಾಯುತ್ತಾ ಅಭ್ಯಾಸಬಲದಿಂದ ರೇಡಿಯೋದಲ್ಲಿ ಹೇಳಿದೆ, ಬಲಕ್ಕೆ ತಿರುಗುತ್ತಿದ್ದೇನೆ, ಇಳಿಯಲು ಬರುತ್ತಿದ್ದೇನೆ ಎಂದು. ಕೇಳುವವರು ಯಾರೂ ಇಲ್ಲ ಎಂದೇ ತಿಳಿದಿದ್ದೆ. ತಿರುಗಿ ಬಡಗಣಕ್ಕೆ ಮುಖ ಮಾಡಿದೆ. ಕೆರೆಯಿಂದ ಏಳುತ್ತಿದ್ದ ಮಂಜಿನಲ್ಲಿ ಬೆಳಗಿನ ಬಿಸಿಲು ಬಿದ್ದು ಎದುರಿನದೆಲ್ಲ ಹಾಲಿನಂತಾಗಿತ್ತು. ಆಗ ಕಿವಿಯಲ್ಲಿ ಗರಗರ ಸದ್ದಾಯಿತು.

"ಏ ಅವ್ವಾ... ನಾನಿದೀನಿ. ನಿನ್ನ ಎದುರಿಗೇ ಇದೀನಿ, ಎಡಕ್ಕೆ ಸುತ್ಕಂಡು ಬಂದೀನಿ. ಯಾವ ಕಡೆ ತಿರುಗ್ಲಿ, ಹೇಳು."

ರೇಡಿಯೋದಲ್ಲಿ ಆ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮಂಜಿನೊಳಗೆ ಒಂದು ಬಿಳಿಯ ಚುಕ್ಕೆ ಕಂಡಿತು, ದೊಡ್ಡದಾಗುತ್ತಾ ಬರುತ್ತಿತ್ತು. "ಬಲಕ್ಕೆ ಭಾವ!" ಎಂದೆ. "ಬಲಕ್ಕೆ ತಿರುಗಿ, ಮೇಲಕ್ಕೆ ಹೋಗಿ. ನಾನೂ ನನ್ನ ಬಲಕ್ಕೆ ತಿರುಗ್ತೀನಿ."

"ಆತು, ಬಲಕ್ಕೆ."

ಚುಕ್ಕೆ ವಾಲಿತು, ರೆಕ್ಕೆಯಾಯಿತು, ನಮ್ಮ ಎಡಗಡೆಯಿಂದ ಸರಿದು ಸೊರಬದ ಕಡೆ ಏರಿತು. ನಾನು ಇಳಿದೆ. ಇಂಜಿನ್ ನಿಲ್ಲಿಸಿದೆ. ಮೇಲಿನಿಂದ ಮತ್ತೆ ದನಿ ಬಂತು, "ಈಗ ಹೆಂಗೆ ಬರ್ಲವ್ವ?"

"ಬಲಕ್ಕೇ ಸುತ್ಕಂಡು ಬನ್ನಿ ಭಾವ. ಇನ್ನು ಇಲ್ಲಿ ಎಲ್ರೂ ಬಲಕ್ಕೇ."

"ಯಾವಾಗಿಂದ?"

"ನಿನ್ನೆಯಿಂದ."

"ಹೇಳ್ಬಾರ್ದಿತ್ತೇನವ್ವ?"

ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು. "ಎಡಕ್ಕೆ ಸುತ್ತೀನಿ ಅಂತ ನೀವು ಹೇಳ್ಬಾರ್ದಿತ್ತಾ?" ಎಂದು ಕೂಗಿದೆ. ಆ ರೇಡಿಯೋದಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ನನ್ನ ಲೈಸೆನ್ಸಿನ ಗತಿ ಏನಾಗುತ್ತಿತ್ತೋ.

ಭಾವ ಇಳಿದು ಬಂದರು. ಹೆಡ್‌ಸೆಟ್ಟು ಈ ಸಲ ಕಿವಿಯ ಮೇಲಿತ್ತು, ತೆಗೆಯುವುದು ಮರೆತು ಹಾಗೇ ನಡೆದು ಬಂದರು. ಯಜಮಾನರು ವಿಮಾನದಿಂದ ಇಳಿದು ನಿಂತರು. ಭಾವ ತಮ್ಮನ ಭುಜ ಮುಟ್ಟಿ, ನನ್ನ ಕಡೆ ತಿರುಗಿದರು.

"ನಿನ್ನ ದನಿ ಕೇಳ್ದೇ ಇದ್ರೆ ಗುದ್ದಿ ಬಿಡ್ತಿದ್ದೆ ಕಣವ್ವ" ಎಂದರು. "ನಾನು ನೋಡ್ತಿರ್ಲಿಲ್ಲ."

"ಮಂಜಿತ್ತು, ನಂಗೂ ಕಾಣ್ಲಿಲ್ಲ ಭಾವ."

"ಮಂಜಲ್ಲ." ಅವರು ಹುಣಸೆಮರದ ಕಡೆ ನೋಡಲಿಲ್ಲ, ನೆಲ ನೋಡಿದರು. "ಎಡಕ್ಕೆ ತಿರುಗ್ಬೇಕಾದ್ರೆ ಮರ ರೆಕ್ಕೆ ಕೆಳಗೆ ಬಂತು. ಕಣ್ಣು ಮುಚ್ಕಂಡ್ಬಿಟ್ಟೆ."

ಇಪ್ಪತ್ತು ವರ್ಷ ಪಾಠ ಹೇಳಿದ ನಾನು, ಕಣ್ಣು ಮುಚ್ಚಿಕೊಂಡು ವಿಮಾನ ತಿರುಗಿಸಿದೆ ಎಂದು ಒಬ್ಬ ಮನುಷ್ಯ ನನ್ನೆದುರೇ ಒಪ್ಪಿಕೊಂಡಾಗ ಏನು ಬೈಯಬೇಕೋ ಅದೆಲ್ಲ ನಾಲಿಗೆಯ ತುದಿಗೆ ಬಂತು. ನನ್ನ ತಾಳಿಯ ಮಾತಿಗೆ ಹತ್ತು ದಿನ ಒಳಗೊಳಗೇ ಬೆಂದು, ಆ ಮರವನ್ನು ಎಡಕ್ಕಿಟ್ಟುಕೊಂಡು ನಾಲ್ಕನೆಯ ಸುತ್ತು ಸುತ್ತಲು ಹೊರಟ ಮನುಷ್ಯ ಅವರು. ಬೈಯುವ ಬದಲು ಶೆಡ್ಡಿನ ಬಾಗಿಲನ್ನು ಗೋಡೆಯಿಂದ ತಿರುಗಿಸಿ ಬೋರ್ಡು ತೋರಿಸಿದೆ. ಅವರು ಒಂದೊಂದೇ ಅಕ್ಷರ ಓದಿದರು.

"ಬಣ್ಣ ಹಸಿ ಐತೆ, ಮುಟ್ಬೇಡಿ" ಎಂದೆ. "ನಾಳೆಯಿಂದ ಬಲಕ್ಕೇ ಭಾವ. ಆದ್ರೆ ಕಣ್ಣು ಬಿಟ್ಕಂಡು."

"ಹೂಂ" ಎಂದರು. ಆಮೇಲೆ ತಾವಾಗಿಯೇ ಹೇಳಿದರು, "ನಿನ್ನೆ ಸಾರಿಗೆ ಉಪ್ಪು ಇರ್ಲಿಲ್ಲವ್ವ."